ಕಂಪ್ಲಿ ರೈಸ್‌ಮಿಲ್ಲಿನ ಸರ್ವರ್‌ಗೆ ಅಮಾವಾಸ್ಯೆ

ನವೆಂಬರ್ 3, 2025, ಸೋಮವಾರ

ಹಾಲು 9 ಸಲ. ಒದ್ದೆ 8. ಕೂಸಿನ ನಿದ್ದೆ ಒಟ್ಟು 12 ಗಂಟೆ 10 ನಿಮಿಷ, ನನ್ನದು 2 ಗಂಟೆ 40. ಉಸಿರಾಡುತ್ತಿದೆಯೇ ಎಂದು ಎದ್ದು ನೋಡಿದ್ದು 14 ಸಲ. ಹದಿನಾಲ್ಕು ಸಲವೂ ಆಡುತ್ತಿತ್ತು.

ಇವತ್ತಿನಿಂದ ಕೆಲಸಕ್ಕೆ ಸೇರಿದೆ. ಸೇರಿದೆ ಎಂದರೆ ಮಲಗುವ ಕೋಣೆಯಲ್ಲಿ, ತೊಟ್ಟಿಲಿನಿಂದ ಮೂರು ಅಡಿ ದೂರದ ಮೇಜಿಗೆ ಸೇರಿದೆ. ಹೊಸಪೇಟೆ ಸ್ಟೇಷನ್ ರಸ್ತೆಯಲ್ಲಿ ಈಶ್ವರ್ ಎಂಬುವರ ಸಣ್ಣ ಆಫೀಸು. ಸುತ್ತಲಿನ ರೈಸ್‌ಮಿಲ್ಲು, ಹಂಪಿಯ ಲಾಡ್ಜು, ಸಂಡೂರಿನ ಗಣಿ ಲಾರಿಗಳ ತೂಕದ ಕಚೇರಿ, ಇವುಗಳ ಸರ್ವರ್ ನೋಡಿಕೊಳ್ಳುತ್ತಾರೆ. ಲಿನಕ್ಸ್ ಗೊತ್ತಿದ್ದು ಊರು ಬಿಟ್ಟು ಹೋಗದವರು ಬೇಕಾಗಿತ್ತಂತೆ. ಆರು ತಿಂಗಳ ಕೂಸಿರುವವಳು ಎಲ್ಲಿಗೆ ಹೋಗುತ್ತಾಳೆ? ತಿಂಗಳ ಕೊನೆಯವರೆಗೆ ಪರೀಕ್ಷೆ, ಆಮೇಲೆ ಇಟ್ಟುಕೊಳ್ಳುವುದೋ ಕಳಿಸುವುದೋ ಹೇಳುತ್ತಾರೆ. ಕಳಿಸಿದರೆ ದಿನವಿಡೀ ಕೂಸಿನ ಪಕ್ಕದಲ್ಲೇ ಇರಬಹುದು ಎಂದು ಸಮಾಧಾನ ಮಾಡಿಕೊಂಡೆ. ಆ ಸಮಾಧಾನದಿಂದಲೇ ಗಾಬರಿಯಾಯಿತು. ಇಟ್ಟುಕೊಳ್ಳಲೇಬೇಕು.

ಅತ್ತೆ ಸಂಗಮ್ಮ ಕೂಸಿಗೆ ತಾವೇ ನೀರು ಎರೆಯುವುದಾಗಿ ಹೇಳಿದರು. ಬೇಡ, ನೀರಿನ ಬಿಸಿ ನೋಡಲು ನನ್ನ ಹತ್ತಿರ ಥರ್ಮಾಮೀಟರ್ ಇದೆ ಎಂದೆ.

"ನಾ ನಾಕು ಹಡದೀನವ್ವ. ಒಂದಕ್ಕೂ ವಹಿ ಇಟ್ಟಿಲ್ಲ, ನೀರಾಗ ಕಡ್ಡಿ ಇಟ್ಟಿಲ್ಲ. ನಾಕೂ ಗಟ್ಟಿಮುಟ್ಟ ಅದಾವ."

ನಾಲ್ಕರಲ್ಲೊಂದು ನನ್ನ ಗಂಡ. ಸಾಕ್ಷಿ ಅಷ್ಟೇನೂ ಬಲವಾಗಿಲ್ಲ.

ನವೆಂಬರ್ 4, ಮಂಗಳವಾರ

ಹಾಲು 9. ಒದ್ದೆ 8. ನನ್ನ ನಿದ್ದೆ 3 ಗಂಟೆ, ಎರಡು ತುಂಡಿನಲ್ಲಿ.

ಮೊದಲ ಕೆಲಸ ಕಂಪ್ಲಿಯ ಕೊಟ್ರಬಸಪ್ಪನವರ ರೈಸ್‌ಮಿಲ್ಲು. ಅಲ್ಲಿ ರೈತರು ಮಾರುವ ಭತ್ತ ಬೇರೆ, ಮನೆ ಊಟಕ್ಕೆಂದು ಇಟ್ಟು ಹೋಗುವ ಭತ್ತ ಬೇರೆ. ಊಟದ ಭತ್ತ ಒಂದು ವರ್ಷ ಗೋಡೌನಿನಲ್ಲಿ ಹಳೆಯದಾಗಬೇಕು. ಹೊಸ ಅಕ್ಕಿಯ ಅನ್ನ ಮೆತ್ತಗಾಗುತ್ತದೆ ಎಂದು ಈ ಕಡೆ ಮೂಗು ಮುರಿಯುತ್ತಾರೆ. ಯಾರ ಚೀಲ ಯಾವ ಸಾಲಿನಲ್ಲಿದೆ ಎಂಬ ಪಟ್ಟಿ ಸರ್ವರ್‌ನಲ್ಲಿದೆ. ಚೀಲದ ಮೇಲೆ ಹೆಸರಿಲ್ಲ, ಸಾಲಿನ ನಂಬರ್ ಮಾತ್ರ. ಪಟ್ಟಿ ಹೋದರೆ ಒಂಬೈನೂರು ಮನೆಗಳ ವರ್ಷದ ಅನ್ನ ಯಾರದು ಯಾವುದು ಎಂದು ಹೇಳುವವರಿಲ್ಲ.

ಆ ಸರ್ವರ್ ವಾರಕ್ಕೊಮ್ಮೆ ಡಿಸ್ಕ್ ತುಂಬಿತೆಂದು ನಿಲ್ಲುತ್ತದೆ. ಮಿಲ್ಲಿನವರು ಸ್ವಿಚ್ ಆರಿಸಿ ಹಾಕುತ್ತಾರೆ, ಮತ್ತೆ ಏಳುತ್ತದೆ. ತಿಂಗಳ ಕೊನೆಗೆ ಹೊಸ ಭತ್ತ ಜೋರಾಗುತ್ತದೆ. ಅಷ್ಟರಲ್ಲಿ ಸರಿಯಾಗಬೇಕು. ನನ್ನ ಪರೀಕ್ಷೆಯೂ ಅದೇ.

ನವೆಂಬರ್ 6, ಗುರುವಾರ

ಹಾಲು 9. ಒದ್ದೆ 7 ಅಥವಾ 8. ಒಂದನ್ನು ಅತ್ತೆ ನನಗೆ ಹೇಳದೆ ಬದಲಿಸಿದ್ದಾರೆಂದು ಅನುಮಾನ.

ಕಾರಣ ಸಿಕ್ಕಿತು, ಸ್ಟೋರೇಜ್ ಡ್ರೈವರ್. ತಿಪ್ಪೇಶ್ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಮೊದಲ ಪಾಳಿ ಮುಗಿಸಿ ಬಂದು ಬೂಟು ಬಿಚ್ಚುತ್ತಿದ್ದರು. ಗಂಡ ಎಂಬ ಒಂದೇ ಕಾರಣಕ್ಕೆ ಅವರಿಗೆ ವಿವರಿಸಿದೆ. ಕಂಟೇನರ್ ಎಂದರೆ ಒಂದು ತಂತ್ರಾಂಶ ತನಗೆ ಬೇಕಾದ್ದನ್ನೆಲ್ಲ ಕಟ್ಟಿಕೊಂಡು ಬಂದು ಇಳಿಯುವ ಪೆಟ್ಟಿಗೆ. ಅದರೊಳಗೆ ಪದರಗಳಿರುತ್ತವೆ. ಕೆಳಗಿನವನ್ನು ಓದಬಹುದು, ಮುಟ್ಟುವ ಹಾಗಿಲ್ಲ. ಎಲ್ಲಕ್ಕೂ ಮೇಲಿನ ಒಂದು ತೆಳು ಪದರದಲ್ಲಿ ಮಾತ್ರ ಬರೆಯಬಹುದು. ಈ ಪದರಗಳನ್ನು ಡಿಸ್ಕಿನಲ್ಲಿ ಎಲ್ಲಿ, ಹೇಗೆ ಜೋಡಿಸಬೇಕೆಂದು ನೋಡಿಕೊಳ್ಳುವುದೇ ಸ್ಟೋರೇಜ್ ಡ್ರೈವರ್.

"ಅಂದ್ರ ಗೋಡೌನ್ ಮೇಸ್ತ್ರಿ," ಎಂದರು.

ಕೂಸಿಗೆ ಮುಂಚೆ ಮೂರು ವರ್ಷ ಇದನ್ನೇ ಮಾಡಿದವಳಿಗೆ ಅಷ್ಟು ಚಿಕ್ಕದಾಗಿ ಹೇಳಲು ಬಂದಿರಲಿಲ್ಲ. ಸಿಟ್ಟು ಬಂತು.

ಅಲ್ಲಿರುವ ಮೇಸ್ತ್ರಿ ಡಿವೈಸ್‌ಮ್ಯಾಪರ್, ಹಳೆಯದು. ಅದೂ ಡಿಸ್ಕಿನೊಳಗೆ ಒಂದು ದೊಡ್ಡ ಫೈಲ್ ಮಾಡಿ, ಅದನ್ನೇ ಇನ್ನೊಂದು ಡಿಸ್ಕೆಂದು ನಂಬಿಸಿ ಕೂಡಿಸಿದ್ದಾರೆ. ದಿನನಿತ್ಯದ ಕೆಲಸಕ್ಕೆ ಹೀಗೆ ಬಳಸಬೇಡಿ ಎಂದು ಪ್ರತಿಸಲ ಶುರುವಾಗುವಾಗಲೂ ತೆರೆಯ ಮೇಲೆ ಎಚ್ಚರಿಕೆ ಬರುತ್ತದೆ. ಎಂಟು ವರ್ಷದಿಂದ ಬರುತ್ತಿದೆ.

ಬದಲಿಗೆ ಮೂರು ಆಯ್ಕೆ. ಓವರ್ಲೇ: ಹಗುರ, ಈಗ ಎಲ್ಲರೂ ಬಳಸುವುದು. ಬಿಟಿಆರ್‌ಎಫ್‌ಎಸ್: ಒಳ್ಳೆಯ ಗುಣ, ಆದರೆ ಡಿಸ್ಕೂ ಅದರ ಜಾತಿಯದ್ದೇ ಆಗಬೇಕು. ವಿಎಫ್‌ಎಸ್: ಎಲ್ಲಿಯೂ ಹೊಂದಿಕೊಳ್ಳುತ್ತದೆ, ಆದರೆ ಒಂದೊಂದು ಪದರಕ್ಕೂ ಕೆಳಗಿನದ್ದನ್ನೆಲ್ಲ ಮತ್ತೆ ನಕಲು ಮಾಡಿ ಮನೆ ತುಂಬಿಸುತ್ತದೆ. ವರ ನೋಡಿದ ಹಾಗಾಯಿತು. ಓವರ್ಲೇ ಎಂದು ಬರೆದುಕೊಂಡೆ.

ನವೆಂಬರ್ 8, ಶನಿವಾರ

ಹಾಲು 8. ಒದ್ದೆ 8. ಎದ್ದು ನೋಡಿದ್ದು 11 ಸಲ.

ಇವತ್ತು ಇನ್ನೊಂದು ಸಿಕ್ಕಿತು. ಉಳಿಯಬೇಕಾದ್ದನ್ನು ಕಂಟೇನರಿನ ಹೊರಗೆ ಬೇರೆ ಫೋಲ್ಡರಿನಲ್ಲಿ ಇಡುವುದು ಪದ್ಧತಿ. ಇಲ್ಲಿ ಇಟ್ಟಿಲ್ಲ. ಎಂಟು ವರ್ಷದ ಪಟ್ಟಿ ಪೂರ್ತಿ ಆ ಮೇಲಿನ ತೆಳು ಪದರದಲ್ಲಿದೆ. ಯಾರಾದರೂ ತಿಳಿಯದೆ ಹಳೆಯ ಕಂಟೇನರ್ ತೆಗೆದು ಹೊಸದು ಹಾಕಿದರೆ, ಅಷ್ಟೂ ಮಾಯ.

ಇದನ್ನು ಕೂಡಿಸಿದ ವೆಂಕಟೇಶ್ ಈಗ ಹಂಪಿಯಲ್ಲಿ ಪ್ರವಾಸಿಗರಿಗೆ ಸ್ಕೂಟರ್ ಬಾಡಿಗೆ ಕೊಡುತ್ತಾರೆ. ಫೋನ್ ಮಾಡಿದೆ.

"ಮ್ಯಾಡಮ್, ನಡ್ಯಾಕತ್ತೈತಿಲ್ಲೋ?"

"ನಡ್ಯಾಕತ್ತೈತ್ರಿ, ಆದ್ರ..."

"ಹಂಗಾರ ಮುಟ್ಟಬ್ಯಾಡ್ರಿ. ನಾ ಅದಕ್ಕ ಅಲ್ಲಿಂದ ಬಿಟ್ಟು ಬಂದೀನಿ."

ನವೆಂಬರ್ 9

ಕೂಸಿಗೆ ಮೂಗು ಕಟ್ಟಿದೆ. ಬೇರೇನೂ ಬರೆಯುವುದಿಲ್ಲ.

ನವೆಂಬರ್ 11, ಮಂಗಳವಾರ

ಹಾಲು 8. ಮೂಗು ಬಿಟ್ಟಿತು. ಡಾಕ್ಟರ್ ಕೊಟ್ಟ ಹನಿಯಿಂದ. ಅತ್ತೆಯ ಲೆಕ್ಕದಲ್ಲಿ ಅಜ್ವಾನದ ಗಂಟಿನಿಂದ.

ಈಗ ಡಿಸ್ಕೇ ಓವರ್ಲೇಯನ್ನು ಒಲ್ಲೆ ಎನ್ನುತ್ತಿದೆ. ಡಿಸ್ಕನ್ನು ಮೊದಲು ಸಿದ್ಧಮಾಡುವಾಗ ಎಫ್‌ಟೈಪ್ ಎಂಬ ಸೆಟ್ಟಿಂಗನ್ನು ಒಂದು ಎಂದು ಇಟ್ಟಿರಬೇಕು. ಇಲ್ಲಿ ಸೊನ್ನೆ. ಆಮೇಲೆ ತಿದ್ದಲು ಬರುವುದಿಲ್ಲ, ಪೂರ್ತಿ ಅಳಿಸಿ ಮೊದಲಿಂದ ಮಾಡಬೇಕು. ಈಶ್ವರ್‌ಗೆ ಹೊಸ ಡಿಸ್ಕ್ ಬೇಕೆಂದೆ.

"ಆ ಇನ್ನೊಂದು ಎಲ್ಲಾ ಕಡೆ ನಡೀತೈತಿ ಅಂದ್ರಲ್ರೀ, ವಿಎಫ್‌ಎಸ್ಸು. ಅದನ್ನ ಹಾಕಿ ಕೈ ತೊಳಕೊಳ್ರಿ."

"ಅದು ಹತ್ತು ಚೀಲ ಇಡೋದಕ್ಕ ನೂರು ಚೀಲದ ಜಾಗ ತಿಂತೈತ್ರಿ ಸರ್. ಈಗ ವಾರಕ್ಕೊಮ್ಮೆ ತುಂಬತೈತಿ, ಆಮ್ಯಾಲ ದಿನಾ ತುಂಬತೈತಿ."

"ನಿಮ್ಮ ಕೂಸು ಅಳಾಕತ್ತೈತ್ರಿ ಮೇಡಂ, ಹೋಗಿ ನೋಡ್ರಿ. ಆಮ್ಯಾಲ ಮಾತಾಡೂಣು."

ಕೂಸು ಅಳುತ್ತಿರಲಿಲ್ಲ. ಅದು ಪಕ್ಕದ ಮನೆಯವರ ಮಿಕ್ಸರ್. ಹೇಳಲು ಹೋಗಲಿಲ್ಲ, ಸುಮ್ಮನೆ ಫೋನ್ ಹಿಡಿದು ಕೂತೆ. ಅಷ್ಟು ಹೊತ್ತು ಯಾರೂ ಮಾತಾಡದಿದ್ದರೆ ಈಶ್ವರ್‌ಗೆ ಆಗಿಬರುವುದಿಲ್ಲ. ಡಿಸ್ಕ್ ತರಿಸುತ್ತೇನೆಂದರು.

ನವೆಂಬರ್ 14, ಶುಕ್ರವಾರ

ಹಾಲು 8, ಒಂದು ಬಟ್ಟಲು ರಾಗಿ ಸರಿ. ಅರ್ಧ ಹೊಟ್ಟೆಗೆ, ಅರ್ಧ ಅತ್ತೆಯ ಸೆರಗಿಗೆ.

ಮಿಲ್ಲು ನಿಂತಿರುವ ದಿನ ಕೆಲಸ ಮಾಡಬೇಕು. ಕೊಟ್ರಬಸಪ್ಪನವರೇ ಫೋನಿನಲ್ಲಿ ದಿನ ಕೊಟ್ಟರು. "ಇಪ್ಪತ್ತಕ್ಕ ಅಮಾಸಿ ಐತ್ರಿ. ಅವತ್ತು ಮಿಲ್ಲು ಪೂರಾ ಬಂದ್. ಒಂದು ನರಪಿಳ್ಳಿ ನಿಮ್ಮ ತಂಟಿಗೆ ಬರಂಗಿಲ್ಲ."

ಎಲ್ಲರೂ ಒಪ್ಪಿದರು. ದೂರದಿಂದ ಮಾಡಿ ಲೈನ್ ಕಟ್ಟಾದರೆ ಕಷ್ಟ, ಹಾಗಾಗಿ ನಾನೇ ಹೋಗಬೇಕು. ನಾನು ಹೋದರೆ ಕೂಸು. ಕೂಸು ಬಂದರೆ ಅತ್ತೆ.

ನವೆಂಬರ್ 19, ಬುಧವಾರ

ಹಾಲು 7. ಒದ್ದೆ ಸಾಕಷ್ಟು.

ಹೊಸ ಡಿಸ್ಕನ್ನು ಆಫೀಸಿನವರು ಸೋಮವಾರವೇ ಕೂಡಿಸಿ ಬಂದಿದ್ದಾರೆ. ಮನೆಯಿಂದಲೇ ಸಿದ್ಧಮಾಡಿದೆ, ಎಫ್‌ಟೈಪ್ ಒಂದು. ಎರಡು ಸಲ ನೋಡಿದೆ, ಹತ್ತು ಸಲ ಅಲ್ಲ. ಒಂಬತ್ತು ಸಾಲಿನ ಪಟ್ಟಿ ಬರೆದುಕೊಂಡೆ. ಮೊದಲನೆಯದು: ಕಂಟೇನರಿನಿಂದ ಊಟದ ಭತ್ತದ ಪಟ್ಟಿಯನ್ನು ಹೊರಗೆ ನಕಲು ಮಾಡುವುದು. ಕೊನೆಯದು: ಹಳೆಯ ಡ್ರೈವರ್ ಇಟ್ಟಿದ್ದನ್ನೆಲ್ಲ ಒರೆಸುವುದು. ನಾಳೆ ಹೇಗಾಗುತ್ತದೋ ಎಂದು ಮೊದಲ ಸಾಲನ್ನು ಇವತ್ತು ನಾಲ್ಕು ಗಂಟೆಗೇ ಒಮ್ಮೆ ಮಾಡಿ ಟಿಕ್ ಹಾಕಿದೆ. ನಾಳೆ ಬೆಳಿಗ್ಗೆ ಇನ್ನೊಮ್ಮೆ ಮಾಡಿದರಾಯಿತು.

ತಿಪ್ಪೇಶ್ ರಾತ್ರಿ ಪಾಳಿಗೆ ಹೋಗುವಾಗ "ಮಸ್ತ್ ಆಗತೈತಿ ಬಿಡು" ಎಂದರು. ಏನು ಆಗಬೇಕಿದೆ ಎಂದು ನಾನು ಕೇಳಿದ್ದರೆ ಅವರಿಗೆ ಹೇಳಲು ಬರುತ್ತಿರಲಿಲ್ಲ.

ನವೆಂಬರ್ 20, ಗುರುವಾರ, ಅಮಾವಾಸ್ಯೆ

ಏಳೂವರೆಯ ಬಸ್ಸು. ಕಮಲಾಪುರ ದಾಟುವವರೆಗೆ ನಿಂತೇ ಹೋದೆವು. ಆಮೇಲೆ ಯಾರೋ ಅತ್ತೆಗೆ ಸೀಟು ಬಿಟ್ಟರು. ಒಂಬತ್ತಕ್ಕೆ ಮಿಲ್ಲು ತಲುಪಿದರೆ ಒಳಗೆಲ್ಲ ಕತ್ತಲು. ಕೊಟ್ರಬಸಪ್ಪನವರು ಮಡಿಯುಟ್ಟು, ಹಣೆ ತುಂಬ ವಿಭೂತಿ ಹಚ್ಚಿ ಬಾಗಿಲಲ್ಲೇ ನಿಂತಿದ್ದರು.

"ಬರ್ರಿ ಬರ್ರಿ, ಕುಂದ್ರಿ."

"ಕರೆಂಟ್ ಯಾವಾಗ ಹೋತ್ರಿ?"

"ಹೋಗಿಲ್ಲ, ನಾವ ತಗದೀವಿ. ಅಮಾಸಿ ಅಲ್ಲೇನ್ರಿ? ಮಿಷಿನ್‌ಗೋಳಿಗೆ ಇವತ್ತು ಸೂಟಿ."

"ಸರ್ವರ್?"

"ಅದೇನು ಎತ್ತೇನ್ರಿ? ಅದೂ ಮಿಷಿನ್ನ ಅಲ್ಲ?"

ಮಿಷಿನ್ನೇ. ಮಿಲ್ಲು ನಿಲ್ಲುವುದೆಂದರೆ ನನ್ನ ಲೆಕ್ಕದಲ್ಲಿ ಯಾರೂ ಬಳಸದಿರುವುದು, ಅವರ ಲೆಕ್ಕದಲ್ಲಿ ಮೇನ್ ಸ್ವಿಚ್ಚೇ ಆರುವುದು. ಯುಪಿಎಸ್‌ಗೂ ಸೂಟಿ. ಇದೇ ಸೀಮೆಯಲ್ಲಿ ಹುಟ್ಟಿ, ಪ್ರತಿ ಅಮಾವಾಸ್ಯೆಯೂ ಅಪ್ಪನ ಹಿಟ್ಟಿನ ಗಿರಣಿ ನಿಲ್ಲುವುದನ್ನು ನೋಡಿ ಬೆಳೆದವಳು ನಾನು. ಸರ್ವರ್ ಎಂದ ಕೂಡಲೇ ಅದೆಲ್ಲ ಮರೆತಿತ್ತು.

"ಹನ್ನೆರಡೂ ಹದಿನಾರಕ್ಕ ಅಮಾಸಿ ಬಿಡತೈತಿ. ಪೂಜಿ ಮಾಡಿ ಕರೆಂಟ್ ಹಾಕ್ತೀವಿ. ಒಂದೂವರಿಗೆ ರಾಹುಕಾಲ. ರಾಹುಕಾಲದಾಗ ಹೊಸಾದು ಸುರು ಮಾಡಾಕ ನಾ ಬಿಡಂಗಿಲ್ಲ. ಅಷ್ಟರಾಗ ಜಲ್ದಿ ಮುಗಿಸಿಬಿಡ್ರಿ."

ಎಪ್ಪತ್ತನಾಲ್ಕು ನಿಮಿಷ. ಇಡೀ ದಿನ ಬೇಕೆಂದು ಬರೆದಿದ್ದೆ.

ಚೀಲದ ಬಾಯಿ ಹೊಲಿಯುವ ದುರುಗವ್ವ ಬಂದು ಕೂಸನ್ನು ನನ್ನ ಕೈಯಿಂದ ತೆಗೆದುಕೊಂಡರು. ಇಪ್ಪತ್ತು ವರ್ಷದಿಂದ ಈ ಮಿಲ್ಲಿನಲ್ಲಿದ್ದಾರಂತೆ. ಕೈ ತೊಳೆದಿದ್ದಾರೋ ಇಲ್ಲವೋ ಕೇಳಬೇಕೆಂದುಕೊಂಡು ಖಾಲಿ ಚೀಲಗಳ ರಾಶಿಗೆ ಒರಗಿದೆ. ಕಣ್ಣು ಬಿಟ್ಟಾಗ ಗಂಟೆಯ ಸದ್ದು, ಕರ್ಪೂರದ ವಾಸನೆ, ಹನ್ನೆರಡೂ ಹತ್ತು. ಸುಮಾರು ಮೂರು ಗಂಟೆ ವ್ಯರ್ಥ. ನಡುವೆ ಒಮ್ಮೆ ಅತ್ತೆ ಕೂಸನ್ನು ತಂದು ನನ್ನ ಎದೆಗೆ ಹಚ್ಚಿ, ಕುಡಿಸಿ, ವಾಪಸ್ ಒಯ್ದರಂತೆ. ನನ್ನನ್ನು ಕೇಳಲೂ ಇಲ್ಲ.

ಸರ್ವರ್‌ಗೆ ವಿಭೂತಿ, ಕುಂಕುಮ, ಚೆಂಡುಹೂವಿನ ಹಾರ. ಗಾಳಿ ಆಡುವ ಕಿಂಡಿಯ ಮೇಲಿದ್ದ ನಿಂಬೆಹಣ್ಣನ್ನು ಅಪ್ಪಣೆ ಕೇಳಿ ಪಕ್ಕಕ್ಕಿಟ್ಟೆ. ಕರೆಂಟ್ ಬಂತು. ಪಟ್ಟಿ ತೆಗೆದೆ. ಮೊದಲ ಸಾಲಿಗೆ ಟಿಕ್ ಇತ್ತು, ಎರಡರಿಂದ ಶುರು ಮಾಡಿದೆ. ಕಂಟೇನರ್ ನಿಲ್ಲಿಸಿದೆ. ಸೆಟ್ಟಿಂಗ್ ಫೈಲಿನಲ್ಲಿ ಬದಲಿಸಬೇಕಾದ್ದು ಎರಡೇ ಸಾಲು: ಡ್ರೈವರ್ ಓವರ್ಲೇ, ಜಾಗ ಹೊಸ ಡಿಸ್ಕು. ಮತ್ತೆ ಎಬ್ಬಿಸಿದೆ. ತೆರೆಯ ಮೇಲೆ, ಕಂಟೇನರ್ ಸೊನ್ನೆ.

ಕೊಟ್ರಬಸಪ್ಪನವರು ನನ್ನ ಹೆಗಲ ಮೇಲಿಂದ ಬಗ್ಗಿದ್ದರು. "ಸೊನ್ನಿ ಅಂದ್ರ?"

"ಈಗ ಇದರಾಗ ಏನೂ ಇಲ್ಲ ಅಂತರಿ."

ಬೇರೆ ರೀತಿ ಹೇಳಬಹುದಿತ್ತು. ಅವರು ಗೋಡೆ ಹಿಡಿದು ಕೂತರು. "ಎಂಟು ವರ್ಸದ್ದು... ಅಮಾಸಿ ದಿನ... ನಾ ಬ್ಯಾಡ ಅಂದಿದ್ದೆ." ಬೇಡ ಎಂದಿರಲಿಲ್ಲ, ದಿನ ಕೊಟ್ಟವರೇ ಅವರು. ಯಾರೋ ಈಶ್ವರ್‌ಗೆ ಫೋನ್ ಹಚ್ಚಿ ನನ್ನ ಕಿವಿಗೆ ಹಿಡಿದರು. "ಏನ್ ಮಾಡಿದ್ರಿ ಮೇಡಂ? ಏನ್ ಮಾಡಿಟ್ರಿ?" ಅಂಗಳದಲ್ಲಿ ಕೂಸು ಅಳಲು ಹಿಡಿಯಿತು.

ಒಬ್ಬೊಬ್ಬರಿಗೇ ಉತ್ತರ ಕೊಟ್ಟೆ. ಈಶ್ವರ್‌ಗೆ, ಆಮೇಲೆ ಮಾಡುತ್ತೇನೆಂದು ಹೇಳಿ ಫೋನಿಟ್ಟೆ. ಕೊಟ್ರಬಸಪ್ಪನವರಿಗೆ, "ಮೇಸ್ತ್ರಿ ಬದಲಾಗ್ಯಾನ್ರಿ. ಹಳೇ ಮೇಸ್ತ್ರಿ ಇಟ್ಟಿದ್ದು ಹೊಸಬಗ ಕಾಣಂಗಿಲ್ಲ. ಸರಕು ಎಲ್ಲೂ ಹೋಗಿಲ್ಲ, ಅಲ್ಲೇ ಐತಿ. ಹೊಸಬನ ಕೈಗೆ ನಾ ಕೊಡಬೇಕಷ್ಟ," ಎಂದೆ. ತಿಪ್ಪೇಶರ ಮಾತು ಬಳಸಬೇಕಾಯಿತು, ಬೇರೆ ದಾರಿ ಇರಲಿಲ್ಲ. ಬಾಗಿಲಲ್ಲಿ ಅತ್ತೆ.

"ಶೈಲಾ, ಕೂಸಿಗೆ ಹಸದೈತಿ."

"ಹತ್ತು ನಿಮಿಷ ಅಳಲಿ ಬಿಡ್ರಿ ಅತ್ತಿ."

ಅತ್ತೆ ನನ್ನನ್ನೇ ನೋಡಿ, ಕೂಸಿನ ಕಡೆ ಹೋದರು. ಯಾಕೆ ಹಾಗೆ ನೋಡಿದರೋ, ಕೇಳಲು ಪುರುಸೊತ್ತಿರಲಿಲ್ಲ.

ತಂತ್ರಾಂಶವನ್ನು ಹೊಸ ಜಾಗಕ್ಕೆ ಇಳಿಸಿ, ಭತ್ತದ ಪಟ್ಟಿಯನ್ನು ಈ ಸಲ ಕಂಟೇನರಿನ ಹೊರಗೆ ಇಟ್ಟು ಜೋಡಿಸಿದೆ. ಒಂದೂ ಹನ್ನೆರಡಕ್ಕೆ ಹೆಸರುಗಳು ಸಾಲುಸಾಲಾಗಿ ತೆರೆಗೆ ಬಂದವು. ಕೊಟ್ರಬಸಪ್ಪನವರು ತಮ್ಮ ತಮ್ಮನ ಹೆಸರು ಹುಡುಕಿಸಿ, ಸಿಕ್ಕ ಮೇಲೆ ಎದ್ದು ನಿಂತರು. ಈಶ್ವರ್ ಮತ್ತೆ ಫೋನಿನಲ್ಲಿ: "ಶಭಾಷ್! ಈಗ ಹಳೇದನ್ನ ಒರೆಸಿಬಿಡ್ರಿ, ಕೆಲಸ ಮುಗೀತು ಅಂತ ನಾ ಬರ್ಕೋತೀನಿ."

ಒಂಬತ್ತನೇ ಸಾಲು. ಒಂದು ನಿಮಿಷದ ಕೆಲಸ. ಹತ್ತು ನಿಮಿಷವೆಂದು ಹೇಳಿ ಅರ್ಧ ಗಂಟೆಯಾಗಿತ್ತು, ಹಾಲು ತುಂಬಿ ಎದೆಯೂ ಕಟ್ಟಿತ್ತು. ಒರೆಸದೆ ಎದ್ದು ಹೋಗಿ ಕೂಸಿಗೆ ಹಾಲು ಕೊಡಲು ಕೂತೆ.

ದುರುಗವ್ವ ಪಕ್ಕದಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತಾ ಕೇಳಿದರು. "ನಿನ್ನಿ ಸಂಜೀಕ ದೇವಸಮುದ್ರದ ಟ್ರ್ಯಾಕ್ಟರ್ ಬಂದಿದ್ವಲ್ಲ, ಅವೂ ಬಂದಾವೇನವ್ವ ನಿನ್ನ ಡಬ್ಬಿಯಾಗ?"

"ಸಂಜೀಕ ಎಷ್ಟೊತ್ತಿಗೆ?"

"ಐದರಿಂದ ಎಂಟರ ತನ ಒಂದ ಸವನ ಇಳಿಸೀವಿ. ಮರುದಿನ ಅಮಾಸಿ, ಬಾಗ್ಲಾ ಮುಚ್ಚಿರತೈತಿ. ಯಾರ್ ಕಾಯ್ತಾರ? ಹಿಂದಿನ ದಿನಾನ ಬಂದ್ ಬೀಳತಾವ ಎಲ್ಲಾ."

ನಾನು ನಕಲು ತೆಗೆದು ಟಿಕ್ ಹಾಕಿದ್ದು ನಾಲ್ಕು ಗಂಟೆಗೆ. ಕೂಸನ್ನು ಎತ್ತಿಕೊಂಡೇ ಓಡಿದೆ. ದೇವಸಮುದ್ರ ಎಂದು ಹುಡುಕಿದೆ. ನಿನ್ನೆಯದು ಒಂದೂ ಇಲ್ಲ. ಹದಿನೇಳು ಮನೆ, ಮುನ್ನೂರು ಚಿಲ್ಲರೆ ಚೀಲ. ಅವು ಇರುವುದು ಈಗ ಹಳೆಯ ಮೇಸ್ತ್ರಿಯ ಹತ್ತಿರ ಮಾತ್ರ, ನಾನು ಒರೆಸದೆ ಎದ್ದು ಹೋದದ್ದರ ಒಳಗೆ. ಎದೆ ಕಟ್ಟದಿದ್ದರೆ ಅದೂ ಇರುತ್ತಿರಲಿಲ್ಲ.

ಗಡಿಯಾರ ಒಂದೂ ನಲವತ್ತು. ತಪ್ಪು ನನ್ನದೇ ಎಂದು ಕೊಟ್ರಬಸಪ್ಪನವರಿಗೆ ಹೇಳಿದೆ. ಹತ್ತು ನಿಮಿಷ ಹಳೆಯ ಡ್ರೈವರಿಗೆ ಹಿಂತಿರುಗಿ ಅದನ್ನು ತರಬೇಕೆಂದೂ ಹೇಳಿದೆ.

"ರಾಹುಕಾಲ ಹತ್ತೈತಿ. ಹೊಸಾದು ಬ್ಯಾಡ."

"ಹೊಸಾದಲ್ರಿ ಗೌಡ್ರ. ಹಳೇದಕ್ಕ ವಾಪಸ್ ಹೋಗೋದು."

ಅವರು ಪಂಚಾಂಗ ತಿರುವಿ ನೋಡಿದರು. ಪಂಚಾಂಗದಲ್ಲಿ ಇಂಥದ್ದಕ್ಕೆ ಜಾಗವಿಲ್ಲ. ಕೊನೆಗೆ ಅತ್ತೆಯ ಕಡೆ ತಿರುಗಿದರು. "ನೀವು ಹಿರ್ಯಾರು, ಏನಂತೀರವ್ವ?"

"ಮರೆತ ಸಾಮಾನು ತರಾಕ ಮನಿಗೆ ಹೊಳ್ಳಿ ಹೋಗೋದಕ್ಕ ಯಾರ್ ಗಳಿಗಿ ನೋಡ್ತಾರ್ರಿ? ಹೋಗಿ ತರ್ಲಿ ಬಿಡ್ರಿ."

ಅತ್ತೆ ನನ್ನ ಪರವಾಗಿ ಮಾತಾಡಿದ್ದು ಇದೇ ಮೊದಲು. ಅಥವಾ ನಾನು ಕೇಳಿಸಿಕೊಂಡಿದ್ದು.

ಎರಡು ಸಾಲು ಮೊದಲಿನಂತೆ ಮಾಡಿ ಎಬ್ಬಿಸಿದೆ. ಹಳೆಯ ಕಂಟೇನರ್ ಏನೂ ಆಗೇ ಇಲ್ಲವೆಂಬಂತೆ ಕೂತಿತ್ತು. ದೇವಸಮುದ್ರದ ಹದಿನೇಳೂ ಇದ್ದವು. ನಕಲು ತೆಗೆದೆ. ಮತ್ತೆ ಹೊಸದಕ್ಕೆ ಹೋಗಲು ಕೈಯಿಟ್ಟರೆ ಕೊಟ್ರಬಸಪ್ಪನವರು ಅಡ್ಡ ಬಂದರು. ಹಿಂದೆ ಹೋಗುವುದು ಸರಿ, ಮುಂದೆ ಹೋಗುವುದು ಹೊಸದಾಯಿತಲ್ಲ? ಮೂರು ಗಂಟೆಯ ತನಕ ಹೋಳಿಗೆ ಊಟ ಮಾಡಿದೆವು. ನಾನು ಮೂರು ತಿಂದೆ. ಮೂರೂ ಐದಕ್ಕೆ ಶುರು ಮಾಡಿ ಹದಿನೈದಕ್ಕೆ ಮುಗಿಸಿದೆ. ನಾನು ಓದಿದ ಹೆಸರು, ನಂಬರಿನ ಚೀಲಗಳನ್ನು ದುರುಗವ್ವ ಗೋಡೌನಿಗೆ ಹೋಗಿ ಮುಟ್ಟಿ ನೋಡಿ ಬಂದು, ಡಬ್ಬಿ ಸುಳ್ಳು ಹೇಳುತ್ತಿಲ್ಲ ಎಂದರು.

ನವೆಂಬರ್ 21, ಶುಕ್ರವಾರ

ಸರ್ವರ್ ಓಡುತ್ತಿದೆ. ಹಳೆಯದನ್ನು ಒಂದು ತಿಂಗಳು ಒರೆಸುವುದಿಲ್ಲ ಎಂದು ಈಶ್ವರ್‌ಗೆ ಬರೆದೆ. ನಿನ್ನೆಯ ತಪ್ಪನ್ನೂ ಬರೆದೆ. ಅವರಿಂದ ಉತ್ತರವಿಲ್ಲ, ವಾಟ್ಸಾಪಿನಲ್ಲಿ ಎರಡು ನೀಲಿ ಟಿಕ್ ಮಾತ್ರ. ಕೆಲಸ ಹೋಯಿತು ಎಂದುಕೊಂಡೆ.

ಎದ್ದಾಗ ಎಂಟಾಗಿತ್ತು. ಅತ್ತೆ ಕೂಸಿಗೆ ಎರೆದು, ಕಾಡಿಗೆ ಹಚ್ಚಿ ಮುಗಿಸಿದ್ದರು. ಎಬ್ಬಿಸಬಾರದೇ ಎಂದೆ. ಎಬ್ಬಿಸಿದ್ದರಂತೆ, ಮೂರು ಸಲ.

ನವೆಂಬರ್ 25

ದೇವಸಮುದ್ರದಿಂದ ಇನ್ನೂ ಟ್ರ್ಯಾಕ್ಟರ್ ಬರುತ್ತಿವೆ. ಡಿಸ್ಕ್ ತುಂಬಿಲ್ಲ.

ನವೆಂಬರ್ 28, ಶುಕ್ರವಾರ

ಈಶ್ವರ್ ಫೋನ್ ಮಾಡಿದರು. ಡಿಸೆಂಬರಿನಿಂದ ಖಾಯಂ. ತಮ್ಮ ತಪ್ಪು ಬರೆದು ಕಳಿಸಿದವರಲ್ಲಿ ಮೊದಲನೆಯವರು ನೀವೇ, ಉಳಿದವರದು ನಾನೇ ಹುಡುಕಬೇಕಿತ್ತು ಎಂದರು. ಹೊಗಳಿಕೆಯೋ ಅಲ್ಲವೋ ಗೊತ್ತಾಗಲಿಲ್ಲ. ಕೊಟ್ರಬಸಪ್ಪನವರು ಇನ್ನು ಮುಂದೆ ಸರ್ವರ್‌ಗೆ ಪ್ರತಿ ಅಮಾವಾಸ್ಯೆ ಸೂಟಿ ಎಂದು ಹೇಳಿದ್ದಾರಂತೆ. ಈಶ್ವರ್ ಅದನ್ನು ಮಾಸಿಕ ನಿರ್ವಹಣೆ ಎಂದು ಬರೆದುಕೊಂಡಿದ್ದಾರೆ.

ಸೋಮವಾರ ಸಂಡೂರಿಗೆ ಹೋಗಬೇಕು. ತೂಕದ ಕಚೇರಿಯ ಸರ್ವರ್, ಅದರಲ್ಲೂ ಅದೇ ಹಳೆಯ ಡ್ರೈವರ್. ಬೆಳಿಗ್ಗೆ ಹೋದರೆ ಬರುವುದು ಸಂಜೆ.

"ಕೂಸನ್ನೂ ಕರ್ಕೊಂಡು ಬರ್ತೀರೇನ್ರಿ ಮೇಡಂ? ಅಲ್ಲಿ ಒಂದು ರೂಮ್ ಹೇಳಿಡ್ಲೇನು?"

"ಯಾಕ್ರೀ ಸರ್, ಮನ್ಯಾಗ ಅತ್ತಿ ಅದಾರಲ್ಲ? ಅದಕ್ಕೇನು ಸರ್ವರ್ ಕೆಲಸ ಬರತೈತೇನು?"

ಫೋನಿಟ್ಟೆ. ಇದರಲ್ಲಿ ನಗುವಂಥದ್ದು ಏನಿತ್ತೋ, ಅಡುಗೆಮನೆಯಲ್ಲಿ ಅತ್ತೆ ಒಬ್ಬರೇ ಎಷ್ಟೋ ಹೊತ್ತು ನಗುತ್ತಿದ್ದರು.